ಸಿಡಿಮಿಡಿ ಅಕ್ಕ ಮತ್ತು ಹೊಳೆಯುವ ಚುಕ್ಕೆಗಳು

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಲ್ಯಾಬಿನವರೆಲ್ಲ ಹೇಳುತ್ತಿದ್ದರು. ಸಿಡಿಮಿಡಿ ಅಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಬೆನ್ನ ಹಿಂದೆ ಶುರುವಾದ ಹೆಸರು ವರ್ಷ ಕಳೆಯುವುದರೊಳಗೆ ಮುಖದ ಮುಂದೆಯೂ ಬಂದು, ಅವಳೂ ಅದಕ್ಕೆ ಓಗೊಡತೊಡಗಿದ್ದಳು. ಹೊಸದಾಗಿ ಸೇರಿದವರಿಗೆ ಹಳಬರು ಮೊದಲು ಹೇಳಿಕೊಡುತ್ತಿದ್ದ ಪಾಠ, ಅವಳ ಮೇಜಿನ ಮೇಲಿನ ಪೆನ್ನು ಮುಟ್ಟಬಾರದು ಎಂಬುದು. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಎಂಬುದು ಆಮೇಲೆ. ಆದರೆ ಒಂದು ಮಾತು ಹೇಳಲೇಬೇಕು. ಅವಳು ಸುಮ್ಮಸುಮ್ಮನೆ ಸಿಟ್ಟಾದದ್ದನ್ನು ಕಂಡವರಿಲ್ಲ. ಕಾರಣ ಇರುತ್ತಿತ್ತು. ಅದನ್ನು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರುತ್ತಿರಲಿಲ್ಲ.

ಅವಳ ಕೆಲಸ ಬ್ಯಾಕ್ಟೀರಿಯಾ ಸಾಕುವುದು. "ದನ ಸಾಕೋರು ಹಾಲು ಕರೀತಾರೆ, ಕೋಳಿ ಸಾಕೋರು ಮೊಟ್ಟೆ ತಿಂತಾರೆ. ನೀನು ಇವನ್ನ ಸಾಕಿ ಏನು ಕಂಡೆ?" ಎಂದು ಗಂಡ ಮದುವೆಯ ಹೊಸದರಲ್ಲಿ ಕೇಳಿದ್ದ. ಗಂಡ ಗಡಿಯಾರ ರಿಪೇರಿ ಮಾಡುವವನು, ಯಾವುದನ್ನು ಕಂಡರೂ ಬಿಚ್ಚಿ ನೋಡುವ ಚಟ. ಅವಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ವಿವರಿಸಿದಳು. ಮಾತ್ರೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಒಂದು ವಸ್ತುವನ್ನು ಇನ್ನೊಂದಾಗಿ ಬದಲಾಯಿಸಲು ಕುದಿಸುತ್ತಾರೆ, ಆಮ್ಲ ಸುರಿಯುತ್ತಾರೆ, ವಿಷ ಬೆರೆಸುತ್ತಾರೆ. ಜೀವಕೋಶದೊಳಗಿನ ಕಿಣ್ವಗಳು ಅಂಥದ್ದೇ ಕೆಲಸವನ್ನು ಬರೀ ನೀರಿನಲ್ಲಿ, ಉಗುರುಬೆಚ್ಚಗಿನ ಬಿಸಿಯಲ್ಲಿ, ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ತೊಂದರೆ ಏನೆಂದರೆ ನಮಗೆ ಬೇಕಾದ ಕೆಲಸವನ್ನೇ ಮಾಡುವ ಕಿಣ್ವ ಎಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಹುಡುಕಬೇಕು. ಅದಕ್ಕೆ ಒಂದು ಕಿಣ್ವದ ಜೀನನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಸಾವಿರಾರು ತರಹ ಮಾಡಿ, ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದನ್ನು ಕೊಡುತ್ತಾರೆ. ಮೇವು ಹಾಕಿದ ತಟ್ಟೆಯ ಮೇಲೆ ಹರಡಿದರೆ ಒಂದೊಂದೂ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಚುಕ್ಕೆ ಅಂದರೆ ಒಂದು ಕುಟುಂಬ. ಬೇಕಾದ ವಸ್ತು ಮೈಯೊಳಗೆ ಕಂಡ ಕೂಡಲೇ ಹಸಿರಾಗಿ ಹೊಳೆಯುವಂತೆ ಆ ಬ್ಯಾಕ್ಟೀರಿಯಾಗಳನ್ನು ಮೊದಲೇ ತಿದ್ದಿರುತ್ತಾರೆ. ನೀಲಿ ದೀಪದಡಿ ಯಾವುದು ಹೊಳೆಯುತ್ತದೋ ಅದನ್ನು ಕಡ್ಡಿಯ ತುದಿಯಿಂದ ಎತ್ತಿಕೊಂಡರೆ ಆಯಿತು.

ಗಂಡ ಎಲ್ಲವನ್ನೂ ಕೇಳಿ ತಲೆಯಾಡಿಸಿದ. "ಸಂಬಳ ಕೇಳಲ್ಲ, ರಜೆ ಕೇಳಲ್ಲ, ಕೆಲಸ ಮುಗಿದ ಕೂಡಲೇ ದೀಪ ಹಚ್ಚಿ ಹೇಳ್ತವೆ. ಹುಷಾರು, ನಿಮ್ಮ ಕಂಪನಿಯವರು ನಿಮ್ಮನ್ನೂ ಹಾಗೇ ತಿದ್ದಿಬಿಟ್ಟಾರು."

ಲ್ಯಾಬಿನ ಕಿಟಕಿಯಿಂದ ನೋಡಿದರೆ ಅದೇ ಕಂಪನಿಯ ಕಾರ್ಖಾನೆ. ನಡುವೆ ಒಂದು ಗೋಡೆ, ಗೋಡೆಗೊಂದು ಕಬ್ಬಿಣದ ಬಾಗಿಲು. ಆಚೆ ಮೂಲೆಯಲ್ಲಿ ತಗಡಿನ ಮಾಡಿನ ಉದ್ದನೆಯ ಕಟ್ಟಡವೊಂದಿತ್ತು. ಅದಕ್ಕೆ ಬ್ರೋಮಿನ್ ಶೆಡ್ಡು ಎಂದು ಹೆಸರು. ಬ್ರೋಮಿನ್ ಅಂದರೆ ಕೆಂಗಂದು ದ್ರವ, ಮುಚ್ಚಳ ಸಡಿಲಿಸಿದರೆ ಸಾಕು, ಅದೇ ಬಣ್ಣದ ಹೊಗೆ ಎದ್ದು ಕಣ್ಣು ಗಂಟಲು ಎದೆ ಒಂದನ್ನೂ ಬಿಡದೆ ಹಿಂಡುತ್ತದೆ. ಮೂರು ಪಾಳಿಯಲ್ಲಿ ಜನ ಅಲ್ಲಿ ನಿಂತು ಅದನ್ನು ಹನಿ ಹನಿಯಾಗಿ ಮಾತ್ರೆಯ ಕಚ್ಚಾವಸ್ತು ಇರುವ ಹಂಡೆಗೆ ಬಿಡಬೇಕು. ಹಾಗೆ ಬಿಡುವವರಲ್ಲಿ ಒಬ್ಬ ಅವಳ ಬೆನ್ನಿಗೆ ಬಿದ್ದ ತಮ್ಮ.

ಆ ಕೆಲಸ ಕೊಡಿಸಿದವಳು ಅವಳೇ. ತಮ್ಮ ಎಲ್ಲೂ ನೆಲೆ ನಿಲ್ಲದೆ ಅಲೆಯುತ್ತಿದ್ದಾಗ, ಇವನಿಗೊಂದು ದಾರಿಯಾದರೆ ಸಾಕು ಎಂದು ಅವರಿವರ ಕೈಕಾಲು ಹಿಡಿದಿದ್ದಳು. ದಾರಿಯಾಯಿತು. ಅವನ ಬೆರಳುಗಳ ತುದಿ ಹಳದಿಯಾಯಿತು. ಮಗಳ ಜೊತೆ ಓಡಿ ಆಡುತ್ತಿದ್ದವನು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಆ ಗಾಳಿ ಬಿಡಿಸಿ. ಹೋದದ್ದು ಬರಲ್ಲ, ಇರೋದಾದ್ರೂ ಉಳಿಯುತ್ತೆ" ಎಂದರು. ತಮ್ಮ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. "ಆ ವಾಲ್ವು ನನ್ನ ಕೈಗೆ ಮಾತ್ರ ಬಗ್ಗೋದು ಅಕ್ಕ. ಬೇರೆಯವರು ತಿರುಗಿಸಿದ್ರೆ ಒಂದೇ ಸಲ ಭರ್ರಂತ ಬರುತ್ತೆ" ಎಂದು, ತನ್ನಲ್ಲಿ ಏನೋ ವಿದ್ಯೆ ಇರುವವನ ಹಾಗೆ ಬೀಗುತ್ತಿದ್ದ. ಅವನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸುತ್ತಿತ್ತು ಅವಳಿಗೆ.

ಅವಳು ಹುಡುಕುತ್ತಿದ್ದ ಕಿಣ್ವ ಆ ಶೆಡ್ಡನ್ನೇ ಮುಚ್ಚಿಸುವ ಕಿಣ್ವ. ಅದು ಸಿಕ್ಕರೆ ಬ್ರೋಮಿನ್ ಬೇಕಿಲ್ಲ, ಅದರ ಒಂದು ಬಗೆಯ ಉಪ್ಪು ಸಾಕು. ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಕಿಣ್ವವೇ ಮುಂದಿನದನ್ನು ನೋಡಿಕೊಳ್ಳುತ್ತದೆ, ಹೊಗೆಯಿಲ್ಲ, ಮೂಗಿಗೆ ಮುಸುಕು ಬೇಕಿಲ್ಲ. ಕಂಪನಿಯವರಿಗೂ ಬೇಕಿತ್ತು, ಆದರೆ ಅವರ ಗಡಿಯಾರವೇ ಬೇರೆ. ಶೆಡ್ಡು ಹಳೆಯದಾಗಿತ್ತು. ಅದನ್ನು ಕೆಡವಿ ಕಿಣ್ವದ ಹಂಡೆಗಳನ್ನು ಕೂರಿಸುವುದೋ, ಇಲ್ಲ ಅದನ್ನೇ ದುಪ್ಪಟ್ಟು ಮಾಡಿ ಇನ್ನೊಂದು ತಲೆಮಾರು ನಡೆಸುವುದೋ ಎಂದು ಆ ತಿಂಗಳ ಕೊನೆಯ ಸಭೆಯಲ್ಲಿ ತೀರ್ಮಾನವಾಗುವುದಿತ್ತು. ಅಷ್ಟರೊಳಗೆ ಕಿಣ್ವ ಸಿಗಬೇಕು. ಸಿಗದಿದ್ದರೆ ತಮ್ಮ ಅಲ್ಲೇ.

ಇನ್ನು ಲ್ಯಾಬಿನ ಮುಖ್ಯಸ್ಥನ ವಿಚಾರ. ಆತನಿಗೆ ನೋಡೋಣಪ್ಪ ಎಂದು ಹೆಸರಿಟ್ಟವಳು ಸಿಡಿಮಿಡಿ ಅಕ್ಕನೇ. ಹೊಸ ಫ್ರೀಜರ್ ಬೇಕು ಸರ್ ಅಂದರೆ ನೋಡೋಣ, ನೀಲಿ ದೀಪ ಕೆಟ್ಟಿದೆ ಸರ್ ಅಂದರೆ ನೋಡೋಣ. ನೋಡುತ್ತಿದ್ದುದು ಎರಡನ್ನೇ: ಮೇಲಿನವರ ಮುಖ, ತನ್ನ ಫೋಟೋ. ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಗಟ್ಟಿತನ ಬೇಕು, ಅದು ಆತನಲ್ಲಿ ಇರಲಿಲ್ಲ.

ಹೊಳೆಯುವ ಚುಕ್ಕೆಗಳು ಸಿಕ್ಕಿದ್ದು ಒಂದು ಮಧ್ಯಾಹ್ನ. ಹಿಂದೆಲ್ಲ ತಟ್ಟೆಗಳು ಬೂದಿ ಬಣ್ಣದಲ್ಲಿ ಸತ್ತಂತೆ ಮಲಗಿರುತ್ತಿದ್ದವು. ಅಂದು ಒಂದು ತಟ್ಟೆಯಲ್ಲಿ ನಾಲ್ಕೈದು ಚುಕ್ಕೆಗಳು ಗುಂಪಾಗಿ ಹಸಿರು ಕಾರುತ್ತಿದ್ದವು. ಅವಳು ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತಿದ್ದುದನ್ನು ಕಡ್ಡಿಯಲ್ಲಿ ಮುಟ್ಟಿ ಎತ್ತಿಕೊಂಡಳು. ಸುತ್ತ ಜನ ಸೇರಿದರು. ನೋಡೋಣಪ್ಪ ಓಡಿ ಬಂದು ತಟ್ಟೆಯ ಫೋಟೋ ತೆಗೆದ, ತಟ್ಟೆಯ ಜೊತೆ ತನ್ನದನ್ನೂ ತೆಗೆಸಿಕೊಂಡ. ಸಂಜೆಯೊಳಗೆ ಸುದ್ದಿ ಗೋಡೆ ದಾಟಿ ಕಾರ್ಖಾನೆ ಮುಟ್ಟಿತ್ತು.

"ಒಂದ್ಸಲ ಬೇರೆ ಟ್ಯೂಬಲ್ಲಿ ಒಂಟಿಯಾಗಿ ಬೆಳೆಸಿ ಪರೀಕ್ಷೆ ಮಾಡ್ತೀನಿ ಸರ್. ಆಮೇಲೆ ಹೇಳಿ" ಎಂದು ಅವಳು ಬೇಡಿಕೊಂಡಿದ್ದಳು. ಕೇಳುವವರು ಯಾರು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಮರುದಿನವೇ ಕಂಪನಿಯ ಯಜಮಾನರು ಲ್ಯಾಬು ನೋಡಲು ಬರುತ್ತಾರೆಂದು ಗುಡಿಸಿ ಒರೆಸುವ ಗಡಿಬಿಡಿ ಶುರುವಾಯಿತು. ಬ್ಯಾಕ್ಟೀರಿಯಾದ ವಾಸನೆ ಯಾರಿಗೂ ಹಿತವಲ್ಲ. ಹಳೆಯ ತಟ್ಟೆಗಳನ್ನೆಲ್ಲ ಹಬೆಯ ಹಂಡೆಗೆ ಹಾಕಿ ಬೇಯಿಸಿಬಿಡಿ ಎಂದು ನೋಡೋಣಪ್ಪ ಅಪ್ಪಣೆ ಮಾಡಿದ.

"ಆ ಹೊಳೆಯೋ ತಟ್ಟೇನೂನಾ?"

"ಹೊಳೆಯೋದನ್ನ ನೀವು ಎತ್ಕೊಂಡಾಯ್ತಲ್ಲ. ಹೊಳೆಯದೇ ಇರೋದನ್ನ ಇಟ್ಕೊಂಡು ಏನ್ ಮಾಡ್ತೀರಾ?"

ಜಗಳ ಆಡುವುದಕ್ಕೆ ಅವಳಿಗೆ ಆ ದಿನ ಮನಸ್ಸಾಗಲಿಲ್ಲ. ಜೀವಮಾನದಲ್ಲಿ ಒಂದು ಸಲ ಜಗಳ ಬಿಟ್ಟಳು, ಅದೂ ಸಂತೋಷಕ್ಕೆ. ತಟ್ಟೆಗಳನ್ನು ತಾನೇ ಜೋಡಿಸಿ ಹಂಡೆಯೊಳಗಿಟ್ಟು ಮುಚ್ಚಳ ಬಿಗಿದಳು. ಯಜಮಾನರು ಬಂದರು, ಕೈ ಕುಲುಕಿದರು, ಗೋಡೆಗೆ ತೂಗುಹಾಕಿದ್ದ ದೊಡ್ಡ ಫೋಟೋವನ್ನು ಮೆಚ್ಚಿ ಹೋದರು.

ಎತ್ತಿಟ್ಟ ಚುಕ್ಕೆ ಟ್ಯೂಬಿನಲ್ಲಿ ಚೆನ್ನಾಗಿಯೇ ಬೆಳೆಯಿತು. ಅವಳು ಕಚ್ಚಾವಸ್ತು ಹಾಕಿದಳು, ಉಪ್ಪು ಹಾಕಿದಳು, ನೀಲಿ ದೀಪದಡಿ ಹಿಡಿದಳು. ಕತ್ತಲು. ಮತ್ತೆ ಮಾಡಿದಳು. ಮತ್ತೆ ಕತ್ತಲು. ಕೊನೆಗೆ ಕಾರ್ಖಾನೆಯಿಂದ ತಂದ ಸಿದ್ಧವಸ್ತುವನ್ನೇ, ಅಂದರೆ ಬ್ರೋಮಿನ್ ಶೆಡ್ಡಿನಲ್ಲಿ ತಮ್ಮನ ಕೈಯಿಂದ ತಯಾರಾದದ್ದನ್ನು, ಒಂದು ಹನಿ ಬಿಟ್ಟಳು. ಟ್ಯೂಬು ಧಗ್ಗೆಂದು ಹಸಿರಾಯಿತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಇದಕ್ಕೆ ಮಾಡುವುದು ಗೊತ್ತಿಲ್ಲ, ಮಾಡಿದ್ದನ್ನು ಕಂಡರೆ ಕೂಗುವುದು ಮಾತ್ರ ಗೊತ್ತು. ಹಾಗಾದರೆ ತಟ್ಟೆಯಲ್ಲಿ ಅಂದು ಇದು ಕಂಡದ್ದು ಯಾರು ಮಾಡಿದ್ದನ್ನು? ಅವಳು ಎದ್ದು ಹೋಗಿ ಗೋಡೆಯ ಫೋಟೋದ ಮುಂದೆ ನಿಂತಳು. ನೋಡೋಣಪ್ಪನ ಹಲ್ಲುಗಳ ಕೆಳಗೆ ತಟ್ಟೆ, ತಟ್ಟೆಯಲ್ಲಿ ಹಸಿರು ಚುಕ್ಕೆಗಳು. ಅವು ಸುಮ್ಮನೆ ಗುಂಪಾಗಿರಲಿಲ್ಲ, ಬಳೆಯ ಹಾಗೆ ಸುತ್ತಲೂ ಕೂತಿದ್ದವು. ನಡುವೆ ಒಂದು ಬಡಕಲು ಮಂಕು ಚುಕ್ಕೆ. ಮಾಡುತ್ತಿದ್ದುದು ಅದು. ಮಾಡಿ ಮಾಡಿ ಸೊರಗಿ, ಹೊಳೆಯುವುದಕ್ಕೂ ತ್ರಾಣವಿಲ್ಲದೆ, ಮಾಡಿದ್ದೆಲ್ಲ ಮೇವಿನೊಳಗೆ ಸೋರಿ ಹೋಗಿ ಅಕ್ಕಪಕ್ಕದವು ಹೀರಿಕೊಂಡು ಬೆಳಗುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಇಷ್ಟು ವರ್ಷ ಕಡ್ಡಿ ಹಿಡಿದವಳು ಹೊಳಪಿಗೆ ಮರುಳಾಗಿ, ದುಡಿಯುವವನನ್ನು ತನ್ನ ಕೈಯಾರೆ ಬೇಯಿಸಿದ್ದಳು. ಫೋಟೋವನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಗಾಜಿನ ಸದ್ದಿಗೆ ನಾಲ್ಕು ಕೋಣೆಯವರು ಇಣುಕಿದರು, ಯಾರೂ ಏನಾಯಿತೆಂದು ಕೇಳಲಿಲ್ಲ.

ನೋಡೋಣಪ್ಪ ಮಾತ್ರ ಕೇಳಿದ. ಅವಳು ಹೇಳಿದಳು.

"ಹೌದಾ? ನೋಡೋಣ" ಎಂದ.

"ಏನು ನೋಡೋದು ಸರ್? ತಟ್ಟೇನೇ ಇಲ್ಲ. ಬೇಯಿಸಿ ಅಂದ್ರಿ."

"ಬೇಯಿಸಿದ್ದು ನೀವೇ ಅಲ್ವಾ?"

ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಅವಳು, "ಹರಡೋದಕ್ಕೆ ಮುಂಚಿನ ಮಿಶ್ರಣ ಫ್ರೀಜರಲ್ಲಿದೆ. ಆ ಮಂಕುಚುಕ್ಕೆ ಅದರಲ್ಲೇ ಎಲ್ಲೋ ಇದೆ. ಮತ್ತೆ ಹರಡಿ ಹುಡುಕ್ತೀನಿ. ಒಂದಾರು ತಿಂಗಳು ಬೇಕಾಗಬಹುದು. ಸಭೇಲಿ ಹಾಗಂತ ಹೇಳಿ, ಅವರು ಕಾಯಲಿ" ಎಂದಳು.

ಆತ ಬಾಗಿಲು ಮುಚ್ಚಿ ದನಿ ತಗ್ಗಿಸಿದ. "ಸಭೇಲಿ ಏನೂ ಹೇಳೋದು ಬೇಡ. ಅವರು ಸಹಿ ಹಾಕಲಿ. ಶೆಡ್ಡು ಹೋಗುತ್ತೆ, ನಿಮ್ಮ ತಮ್ಮ ಹೊರಗೆ ಬರ್ತಾನೆ. ನಿಮಗೂ ಅದೇ ತಾನೇ ಬೇಕಾಗಿರೋದು? ಆಮೇಲೆ ನಿಧಾನಕ್ಕೆ ಹುಡುಕಿ. ಸಿಕ್ಕರೆ ಯಾರಿಗೂ ಗೊತ್ತಾಗಲ್ಲ."

"ಸಿಗದಿದ್ರೆ?"

"ನೋಡೋಣ."

ಅವಳಿಗೆ ಬಂದ ಸಿಟ್ಟು ಎರಡು ತರಹದ್ದು. ತನ್ನ ತಮ್ಮನ ಎದೆಯನ್ನು ಗಾಳಕ್ಕೆ ಸಿಕ್ಕಿಸಿ ತನ್ನ ಮುಂದೆ ಆಡಿಸುತ್ತಿದ್ದಾನಲ್ಲ ಎಂಬುದು ಒಂದು. ಆ ಗಾಳವನ್ನು ಕಚ್ಚಬೇಕೆಂದು ತನಗೆ ಆಸೆಯಾಗುತ್ತಿದೆಯಲ್ಲ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಉರಿಯಿತು.

ಆ ಸಂಜೆ ತಮ್ಮನ ಮನೆಗೆ ಹೋದಳು. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ, ತಮ್ಮ ಒರಗಿ ಕೂತೇ ಮಲಗಬೇಕಾದ್ದರಿಂದ ಮಂಚದ ತುಂಬ ದಿಂಬು. ತಮ್ಮನ ಹೆಂಡತಿ ಮಾತೆಲ್ಲ ಕೇಳಿದ ಮೇಲೆ ಅವಳ ಮೊಣಕೈ ಹಿಡಿದುಕೊಂಡಳು.

"ಸುಳ್ಳು ಹೇಳಿ ಅಂತ ನಾನು ಕೇಳ್ತಾ ಇಲ್ಲ ಅತ್ತಿಗೆ. ಸುಮ್ಮನಿದ್ದುಬಿಡಿ, ಅಷ್ಟೇ. ಊರಿಗೆಲ್ಲ ಬೈತೀರಾ, ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಏನು ಹೋಗುತ್ತೆ?"

ತಮ್ಮ ಮಗಳ ಶೂಗೆ ಅಂಟಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಕೂತಿದ್ದ. ಅವಳು ಅವನನ್ನು ಕೇಳಿದಳು: "ಶೆಡ್ಡು ಕೆಡವಿದ ಮೇಲೆ ಕಿಣ್ವ ಸಿಗಲಿಲ್ಲ ಅಂತ ಇಟ್ಕೋ. ಆಗ ಏನು ಮಾಡ್ತಾರೆ? ಮಾತ್ರೆ ಮಾಡೋದು ನಿಲ್ಲಿಸ್ತಾರಾ?"

"ಎಲ್ಲಿ ನಿಲ್ಲಿಸ್ತಾರೆ? ಹೊಳೆಯಾಚೆ ಬಾಡಿಗೆ ಶೆಡ್ಡುಗಳಿವೆ. ಆ ಒಂದು ಕೆಲಸ ಅಲ್ಲಿಗೆ ಕಳಿಸ್ತಾರೆ. ನಮ್ಮಲ್ಲಿ ರಿಪೇರಿ ಇದ್ದಾಗ ಹಾಗೇ ಮಾಡಿದ್ರಲ್ಲ. ನಾನೇ ಹೋಗಿ ಹೇಳಿಕೊಟ್ಟು ಬಂದೆ." ಅವನು ಶೂ ತಿರುಗಿಸಿ ಇನ್ನೊಂದು ಬದಿ ಕೆರೆದ. "ಪಾಪ, ಅವರಿಗೆ ಮುಸುಕೂ ಇಲ್ಲ. ಒದ್ದೆ ಬಟ್ಟೆ ಕಟ್ಕೊಂಡು ನಿಲ್ತಾರೆ. ಹೆಂಗಸರೂ ಇದ್ರು."

"ನಾನೇನು ಮಾಡಲಿ ಹೇಳು."

"ನನ್ನ ಕೇಳಬೇಡ ಅಕ್ಕ" ಎಂದ. "ನನಗೆ ಹೊರಗೆ ಬರೋ ಆಸೆ ಇಲ್ಲ ಅಂದ್ಕೋಬೇಡ."

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ ಅವಳು ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಸಭೆಯ ದಿನದವರೆಗೆ ತಿರುಗಿದಳು. ಗಂಡನ ಜೊತೆ ಮಾತಿಲ್ಲ. ಅಂಗಡಿಯವನ ಜೊತೆ ಜಗಳ, ಬಸ್ಸಿನಲ್ಲಿ ಕಾಲು ತುಳಿದವನ ಜೊತೆ ಜಗಳ. ಒದ್ದೆ ಬಟ್ಟೆ ಕಟ್ಟಿಕೊಂಡ ಮುಖ ಕಾಣದ ಹೆಂಗಸೊಬ್ಬಳು ಅವಳ ತಲೆಯಿಂದ ಇಳಿಯಲೇ ಇಲ್ಲ. ಅವಳಿಗೂ ಬೈದಳು: ನಿನ್ನನ್ನು ಯಾರು ಕರೆದರು ಇಲ್ಲಿಗೆ?

ಸಭೆ ನಡೆದದ್ದು ತಣ್ಣನೆಯ ಕೋಣೆಯಲ್ಲಿ, ಉದ್ದನೆಯ ಮೇಜಿನ ಸುತ್ತ. ನೋಡೋಣಪ್ಪ ಪರದೆಯ ಮೇಲೆ ಹಸಿರು ಚುಕ್ಕೆಗಳನ್ನು ತೋರಿಸಿ ಮುಗಿಸಿದಾಗ ಎಲ್ಲರೂ ತಲೆದೂಗಿದರು. ಯಜಮಾನರು ಪೆನ್ನಿನ ಮುಚ್ಚಳ ತೆಗೆದರು. ಸಿಡಿಮಿಡಿ ಅಕ್ಕ ಎದ್ದು ನಿಂತಳು.

"ಆ ಹೊಳೆಯೋ ಚುಕ್ಕೆ ಏನೂ ಮಾಡಲ್ಲ" ಎಂದಳು. "ಪಕ್ಕದಲ್ಲಿರೋದು ಮಾಡಿದ್ದನ್ನ ತಿಂದು ಹೊಳೀತಾ ಇದೆ. ಮಾಡೋದು ಇದು, ಈ ನಡುವಿನದ್ದು. ಇದನ್ನ ನಾವು ಬಿಸಾಕಿದ್ವಿ. ತಪ್ಪು ಚುಕ್ಕೆ ಎತ್ತಿದ್ದು ನಾನು, ತಟ್ಟೆ ಬೇಯಿಸಿದ್ದೂ ನಾನು. ಆದ್ರೆ ಇಂಥದ್ದೊಂದು ಇದೆ ಅಂತ ಈಗ ಗೊತ್ತಾಯ್ತು. ಎಲ್ಲಿ ಹುಡುಕಬೇಕು ಅಂತಾನೂ ಗೊತ್ತಾಯ್ತು. ಆರು ತಿಂಗಳು ಕಾಯಿರಿ. ಅಲ್ಲೀವರೆಗೆ ಇರೋ ಶೆಡ್ಡನ್ನೇ ಸರಿ ಮಾಡಿ ನಡೆಸಿ, ಗಾಳಿ ಹೊರಗೆ ಎಳೆಯೋ ಫ್ಯಾನು ಹಾಕ್ಸಿ. ದುಪ್ಪಟ್ಟು ಮಾಡಬೇಡಿ."

ಮೊದಲು ಬಾಯಿ ಬಿಟ್ಟವನು ನೋಡೋಣಪ್ಪ. "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ.

ಯಜಮಾನರು ಅವಳನ್ನು ಬಹಳ ಹೊಗಳಿದರು. ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ದುರ್ಲಭ ಎಂದರು, ಕಂಪನಿ ನಿಂತಿರುವುದೇ ನಿಮ್ಮಂಥವರ ಮೇಲೆ ಎಂದರು. ಹಾಗೆನ್ನುತ್ತಲೇ ಇನ್ನೊಂದು ಕಡತ ಎಳೆದುಕೊಂಡು ಶೆಡ್ಡು ದುಪ್ಪಟ್ಟು ಮಾಡುವುದಕ್ಕೆ ಸಹಿ ಹಾಕಿದರು.

"ಆರು ತಿಂಗಳು ಅಂದೆನಲ್ಲ" ಎಂದಳು ಅವಳು.

"ಮಾರ್ಕೆಟ್ ಕಾಯಲ್ಲಮ್ಮ. ನೀವು ಹುಡುಕೋದು ನಿಲ್ಲಿಸಬೇಡಿ. ಸಿಕ್ಕಿದ್ರೆ ಮುಂದಿನ ಸಲ ಖಂಡಿತ ಯೋಚನೆ ಮಾಡೋಣ."

"ಮುಂದಿನ ಸಲ ಅಂದ್ರೆ ಯಾವಾಗ?"

"ಈ ಹೊಸ ಶೆಡ್ಡು ಹಳೇದಾದಾಗ" ಎಂದರು ಯಜಮಾನರು, ತುಂಬ ಸೌಮ್ಯವಾಗಿ. ಅವಳು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೆಲಸದಿಂದ ತೆಗೆಯದೇ ಇದ್ದದ್ದು, ಆಗಷ್ಟೇ ಅಷ್ಟೊಂದು ಹೊಗಳಿಬಿಟ್ಟಿದ್ದರಲ್ಲ, ಆ ಮುಲಾಜಿಗೆ.

ತಮ್ಮನ ಹೆಂಡತಿ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವೇ ಎಂದು ಸಿಡಿಮಿಡಿ ಅಕ್ಕನಿಗೆ ಗೊತ್ತಿತ್ತು, ಸಿಟ್ಟಿನ ಬೆಲೆ ತಿಳಿದವಳು ಅವಳು. ಅಕ್ಕ ಲ್ಯಾಬಿಗೆ ಹೋಗಿ ಫ್ರೀಜರಿನಿಂದ ಮಿಶ್ರಣ ತೆಗೆದು ಮತ್ತೆ ತಟ್ಟೆಗಳಿಗೆ ಹರಡಿದಳು. ಈ ಸಲ ಹೊಳೆಯುವುದನ್ನು ಮುಟ್ಟಲಿಲ್ಲ. ಹೊಳೆಯುವವು ಎಲ್ಲಿ ಸುತ್ತುಗಟ್ಟಿವೆ ಎಂದು ನೋಡಿ, ನಡುವಿನ ಬಡಪಾಯಿಯನ್ನು ಎತ್ತಿದಳು. ಬಹಳ ಸಲ ಅದೂ ಸುಳ್ಳಾಗುತ್ತಿತ್ತು. ಕಿಟಕಿಯಾಚೆ ಗೋಡೆಗೆ ಗೋಡೆ ಸೇರಿ ಶೆಡ್ಡು ಉದ್ದವಾಗುತ್ತಿತ್ತು, ಸುತ್ತಿಗೆಯ ಸದ್ದಿಗೆ ಟ್ಯೂಬುಗಳು ಕಿಣಿಕಿಣಿ ಅನ್ನುತ್ತಿದ್ದವು. ಪ್ರತಿ ಸದ್ದಿಗೂ ಅವಳು ಒಂದೊಂದು ಬೈಗುಳ ಕೊಟ್ಟಳು.

ಸಿಕ್ಕಿತು. ಅವಳು ಕೇಳಿದ ಆರು ತಿಂಗಳಿಗೆ ಇನ್ನೂ ಸ್ವಲ್ಪ ಬಾಕಿ ಇರುವಾಗಲೇ ಸಿಕ್ಕಿತು. ಒಂಟಿಯಾಗಿ ಬೆಳೆಸಿ ನೋಡಿದಳು, ಕಿಣ್ವವನ್ನು ಹೊರತೆಗೆದು ಬರೀ ನೀರು ಉಪ್ಪಿನಲ್ಲಿ ಹಾಕಿ ನೋಡಿದಳು, ಬೇರೆಯವರ ಕೈಯಿಂದಲೂ ಮಾಡಿಸಿ ನೋಡಿದಳು. ಕಚ್ಚಾವಸ್ತು ಪೂರ್ತಿ ಬದಲಾಗಿತ್ತು. ಟ್ಯೂಬನ್ನು ಮೂಗಿನ ಹತ್ತಿರ ಹಿಡಿದಳು, ಯಾವ ವಾಸನೆಯೂ ಇರಲಿಲ್ಲ. ನೋಡೋಣಪ್ಪ ಖುಷಿಯಿಂದ ಕೈ ಉಜ್ಜಿಕೊಂಡ. "ಭಲೇ. ಭದ್ರವಾಗಿ ಫ್ರೀಜರಲ್ಲಿಡಿ" ಎಂದ. ಆ ವಾರವೇ ಹೊಸ ಶೆಡ್ಡಿನ ಹಂಡೆಗಳಿಗೆ ಬೆಂಕಿ ಹೊತ್ತಿಸಿದ್ದರು.

ಸಂಜೆ ಮನೆ ಬಾಗಿಲಿಗೆ ತಮ್ಮ ಬಂದ. ಕೈಯಲ್ಲಿ ಸಿಹಿಯ ಡಬ್ಬಿ, ಮೈಮೇಲೆ ಹೊಸ ಸಮವಸ್ತ್ರ, ಜೇಬಿನ ಮೇಲೆ ಕೆಂಪು ಪಟ್ಟಿ. ಹೊಸ ಶೆಡ್ಡಿಗೆ ಅವನೇ ಮೇಸ್ತ್ರಿ. ಎಲ್ಲಾ ವಾಲ್ವುಗಳ ಮೇಲೂ ಅವನದೇ ಕಣ್ಣು, ಹುಡುಗರಿಗೆ ಕೈಹಿಡಿದು ಕಲಿಸುವ ಜವಾಬ್ದಾರಿ. ಹೊಸಿಲ ಮೇಲೆ ನಿಂತು ಉಸಿರು ಹಿಡಿದುಕೊಂಡು ಇದನ್ನೆಲ್ಲ ಹೇಳಿ, ಡಬ್ಬಿಯ ಮುಚ್ಚಳ ತೆಗೆದು ಹಿಡಿದ.

"ತಿನ್ನಲ್ಲ" ಎಂದಳು.

"ಒಂದು ತಗೋ ಅಕ್ಕ. ನಿನ್ನಿಂದಾನೇ ಸಿಕ್ಕಿದ ಕೆಲಸ."

ಅವಳಿಗೆ ತಲೆಯವರೆಗೂ ರಕ್ತ ನುಗ್ಗಿತು. "ಸಿಕ್ಕಿದೆ ಕಣೋ" ಎಂದಳು. "ಆ ಕಿಣ್ವ. ಸಿಕ್ಕಿದೆ. ಕೆಲಸ ಮಾಡುತ್ತೆ."

ಅವನ ಮುಖ ಒಂದು ಕ್ಷಣ ಚಿಕ್ಕಂದಿನದಾಯಿತು. "ಹೌದಾ? ಎಲ್ಲಿದೆ?"

"ಫ್ರೀಜರಲ್ಲಿ."

ತಮ್ಮನಿಗೆ ನಗು ಬಂತು. ನಿಜವಾದ ನಗು, ಹೊಟ್ಟೆಯಿಂದ ಬಂದದ್ದು. ಅದು ಗಂಟಲಿಗೆ ಬರುವಷ್ಟರಲ್ಲಿ ಕೆಮ್ಮಾಯಿತು. ಅವನು ಡಬ್ಬಿಯನ್ನು ಅವಳ ಕೈಗೆ ತುರುಕಿ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ. ಅವನಿಗೆ, ಅವನ ಕೆಂಪು ಪಟ್ಟಿಗೆ, ಆ ವಾಲ್ವಿಗೆ, ಅದನ್ನು ಹಿಡಿಸಿದ ತನಗೆ, ಎಲ್ಲದಕ್ಕೂ ಸೇರಿಸಿ ಬೈಯಬೇಕಾದದ್ದು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವನ ಕೆಮ್ಮು ನಿಂತ ಮೇಲೆ ಬೈಯೋಣ ಎಂದು ಡಬ್ಬಿ ಹಿಡಿದು ಕಾದು ನಿಂತಳು. ಕೆಮ್ಮು ನಿಲ್ಲಲಿಲ್ಲ.